ಹೊತ್ತು ಕೊಟ್ಟವರ ಚರಿತ್ರೆ

ಧಾರವಾಡ ಸೀಮೆಯ ಸಂಗೀತದ ಮೇಲೆ ಬಂದ ಪುಸ್ತಕಗಳು ಹೆಚ್ಚುಕಡಿಮೆ ಎಲ್ಲವೂ ಗಾಯಕರ ಪುಸ್ತಕಗಳೇ. ಯಾರು ಯಾರ ಶಿಷ್ಯರು, ಯಾವುದು ಯಾರ ಘರಾಣೆ, ಯಾವ ಪ್ರಶಸ್ತಿ ಯಾವಾಗ ಬಂತು ಎಂಬುದೆಲ್ಲ ಅವುಗಳಲ್ಲಿ ಸಿಗುತ್ತದೆ. ಎದುರಿಗೆ ಕೂತು ಕೇಳಿದವರ ಸುದ್ದಿ ಮಾತ್ರ ಸಿಗುವುದಿಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ, ಇಷ್ಟೂ ಜನ 1910ರಿಂದ 1924ರೊಳಗೆ, ಬೆಳಗಾವಿಯಿಂದ ಗದಗಿನವರೆಗಿನ ಇಷ್ಟೇ ಇಷ್ಟು ನೆಲದಲ್ಲಿ ಹುಟ್ಟಿದರು. ಮಣ್ಣಿನ ಗುಣ, ನೀರಿನ ಗುಣ ಎಂದು ನಾವು ಸುಮ್ಮನಾಗಿಬಿಡುತ್ತೇವೆ. ನನಗೆ ಆ ಉತ್ತರ ಸಾಲದು.

ಈ ಐವರೂ ಮೊದಲು ಕೇಳುಗರಾಗಿದ್ದರು. ಅವರ ಸುತ್ತ ಕೇಳುವ ಮನೆಗಳಿದ್ದವು, ಕೇಳುವ ಓಣಿಗಳಿದ್ದವು. ಕೇಳುವವರು ಎಷ್ಟು ಹೊತ್ತು ಕೊಟ್ಟರೋ ಅದಕ್ಕೆ ತಕ್ಕಂತೆ ಸಂಗೀತ ಹಿಗ್ಗಿತು, ಕುಗ್ಗಿತು, ಮತ್ತೆ ಹಿಗ್ಗಿತು. ಇಡೀ ರಾತ್ರಿ, ಮೂರು ನಿಮಿಷ, ಒಂದೂವರೆ ತಾಸು, ಇಪ್ಪತ್ತು ನಿಮಿಷ: ನಮ್ಮ ಸಂಗೀತದ ಚರಿತ್ರೆಯ ಅಧ್ಯಾಯಗಳನ್ನು ನಾನು ಹೀಗೆ ಎಣಿಸುತ್ತೇನೆ.

ನಾನು ಹಾಡಿದವಳಲ್ಲ, ಬಾರಿಸಿದವಳೂ ಅಲ್ಲ. ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅಪ್ಪನ ಗ್ರಾಮಫೋನು, ಅಡುಗೆಮನೆಯ ರೇಡಿಯೋ, ಕುಂದಗೋಳದ ರಾತ್ರಿಗಳು, ಡಿಸೆಂಬರಿನ ಪುಣೆ, ಇವೇ ನನ್ನ ಸಂಗೀತದ ಪಾಠಶಾಲೆ. ಹಾಗಾಗಿ ಇಲ್ಲಿ ಇತಿಹಾಸದ ಜೊತೆಗೆ ನನ್ನ ಇಷ್ಟಾನಿಷ್ಟಗಳೂ ಬರುತ್ತವೆ. ಕೇಳುವವರ ಚರಿತ್ರೆ ಎಂದ ಮೇಲೆ ಅವು ಬರಲೇಬೇಕು.

ಇಡೀ ರಾತ್ರಿ

ಎಲ್ಲಕ್ಕಿಂತ ಮೊದಲು ಬಂದದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಕಡೆ ಹಳಿ ಹಾಕಿತು. ಆ ಕಂಪನಿಯ ಮುಖ್ಯ ಕಚೇರಿ ಇದ್ದದ್ದೇ ಧಾರವಾಡದಲ್ಲಿ. ಪುಣೆ, ಮೀರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹರಿಹರ, ಬೆಂಗಳೂರು ಒಂದೇ ಹಾದಿಗೆ ಬಂದವು. ನಾವು ಆಗ ಮುಂಬಯಿ ಪ್ರಾಂತದವರು. ಮರಾಠಿ ನಾಟಕ ಕಂಪನಿಗಳು ಪರದೆ, ಪೆಟ್ಟಿಗೆ, ಕಾಲುಪೇಟಿ ಸಮೇತ ಇಲ್ಲಿ ಬಂದಿಳಿದು ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತಿದ್ದವು. ಅವುಗಳ ರಂಗಗೀತೆಗಳೆಲ್ಲ ರಾಗದಾರಿಯವು. ಟಿಕೆಟ್ ತೆಗೆದು ನಾಟಕ ನೋಡಿದ ಅಂಗಡಿಕಾರ, ಗುಮಾಸ್ತ, ಒಕ್ಕಲಿಗ, ಭೀಮಪಲಾಸ ಯಮನಗಳನ್ನು ಹೆಸರು ತಿಳಿಯದೆಯೇ ಗುನುಗುತ್ತ ಮನೆಗೆ ಹೋದರು. ಕನ್ನಡದಲ್ಲೂ ಅಂಥ ಕಂಪನಿಗಳು ಎದ್ದವು. ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿಯಲ್ಲಿ ಹಾಡುತ್ತಿದ್ದ ಬಾಲಕ ಮಲ್ಲಿಕಾರ್ಜುನನನ್ನು ಕೇಳಿ ಮೆಚ್ಚಿ, ಶಿಷ್ಯನನ್ನಾಗಿ ಮೀರಜಕ್ಕೆ ಕರೆದೊಯ್ದವರು ಗ್ವಾಲಿಯರ್ ಘರಾಣೆಯ ನೀಲಕಂಠಬುವಾ.

ಅದೇ ಹಳಿಯ ಮೇಲೆ ಮೈಸೂರು ದಸರೆಗೆ ಹೊರಟ ಉತ್ತರದ ಗವಾಯಿಗಳೂ ಬಂದರು. ಅಬ್ದುಲ್ ಕರೀಂ ಖಾನ್ (1872–1937) ಹುಟ್ಟಿದ್ದು ಕೈರಾನಾದಲ್ಲಿ, ನೆಲೆ ನಿಂತದ್ದು ಮೀರಜದಲ್ಲಿ. ಮೈಸೂರಿಗೆ ಹೋಗುವಾಗ ಬರುವಾಗ ಹುಬ್ಬಳ್ಳಿ-ಧಾರವಾಡದಲ್ಲಿ ಇಳಿದು ಹಾಡುವುದು ಅವರ ರೂಢಿಯಾಯಿತು. ದಕ್ಷಿಣದ ಸಂಗೀತಕ್ಕೂ ಕಿವಿಗೊಟ್ಟು, ಖರಹರಪ್ರಿಯದ ತ್ಯಾಗರಾಜ ಕೃತಿಯೊಂದನ್ನು ರೆಕಾರ್ಡಿಗೆ ಹಾಡಿದ ಮನುಷ್ಯ ಅವರು. ಅಷ್ಟು ದೊಡ್ಡ ಗವಾಯಿಯೂ ಒಬ್ಬ ಒಳ್ಳೆಯ ಕೇಳುಗ ಎಂಬುದು ನನಗೆ ಬಹಳ ಹಿಡಿಸುವ ಸಂಗತಿ.

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ರೈಲು ಹೊರಟು ಸ್ವಲ್ಪ ಹೊತ್ತಿಗೆ ಕುಂದಗೋಳ ಬರುತ್ತದೆ. ಅಲ್ಲಿಯ ನಾಡಿಗೇರ ವಾಡೆ ಖಾನ್ ಸಾಹೇಬರನ್ನು ಕರೆಸಿ ಹಾಡಿಸಿದ ಮನೆ. ಆ ಊರಿನ ರಾಮಭಾವು (1886–1952) ಖಾನ್ ಸಾಹೇಬರ ಶಿಷ್ಯರಾದರು, ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ ಹೆಸರಾದರು, ಸವಾಯಿ ಗಂಧರ್ವ ಎನಿಸಿಕೊಂಡು ಊರಿಗೆ ಮರಳಿದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಅವರಲ್ಲಿ ಪಾಠ ಹೇಳಿಸಿಕೊಂಡು ರಾತ್ರಿ ಮರಳುತ್ತಿದ್ದರು. ಭೀಮಸೇನರು 1936ರಲ್ಲಿ ಅದೇ ಗುರುಗಳ ಮನೆ ಸೇರಿದರು. ನೀರು ಹೊರುತ್ತ, ಮನೆಗೆಲಸ ಮಾಡುತ್ತ ಕಲಿತರು.

ಸವಾಯಿ ಗಂಧರ್ವರದು ಹುಟ್ಟಾ ಸಿಹಿ ಕಂಠವಲ್ಲ ಎಂದು ಅವರನ್ನು ಕಂಡವರೆಲ್ಲ ಹೇಳುತ್ತಾರೆ. ಶುರುವಿಗೆ ಧ್ವನಿ ಒರಟಾಗಿರುತ್ತಿತ್ತು, ಎಳೆದಲ್ಲಿಗೆ ಬರುತ್ತಿರಲಿಲ್ಲ. ಅರ್ಧ ತಾಸು, ಮುಕ್ಕಾಲು ತಾಸು ಹಾಡಿದ ಮೇಲೆ ಅದು ಕಾದು, ಹದಕ್ಕೆ ಬಂದು, ಆಮೇಲೆ ಮೂರೂ ಸಪ್ತಕಗಳಲ್ಲಿ ಅವರು ಹೇಳಿದಂತೆ ಕೇಳುತ್ತಿತ್ತಂತೆ. ಅಂಥ ಗಾಯಕನನ್ನು ಬೆಳೆಸಿದ್ದು ಅರ್ಧ ತಾಸು ಕಾಯಲು ತಯಾರಿದ್ದ ಜನ. ಹತ್ತು ನಿಮಿಷಕ್ಕೆ ತೀರ್ಪು ಕೊಡುವ ಸಭೆ ಆಗ ಇದ್ದಿದ್ದರೆ ಸವಾಯಿ ಗಂಧರ್ವರಿರುತ್ತಿರಲಿಲ್ಲ, ಅವರ ಶಿಷ್ಯರೂ ಇರುತ್ತಿರಲಿಲ್ಲ.

ಆ ತಾಳ್ಮೆಯನ್ನು ನಾನು ಕುಂದಗೋಳದಲ್ಲೇ ಕಣ್ಣಾರೆ ಕಂಡಿದ್ದೇನೆ. ಸವಾಯಿ ಗಂಧರ್ವರ ಪುಣ್ಯತಿಥಿಗೆ ವಾಡೆಯಲ್ಲಿ ಸಂಗೀತೋತ್ಸವ. ಮರದ ಕಂಬಗಳ ನಡುವೆ ಜಮಖಾನ ಹಾಸಿರುತ್ತಿತ್ತು. ಹಳ್ಳಿಗಳಿಂದ ಬಂದವರು ರೊಟ್ಟಿ ಬುತ್ತಿ, ಹೊದಿಯಲೊಂದು ಚಾದರ ಹಿಡಿದು ಬೆಳಗಿನವರೆಗೆ ಕೂಡುವ ತಯಾರಿಯಲ್ಲೇ ಬರುತ್ತಿದ್ದರು. ಗಾಯಕರು ಬಂದು ಕೂತು ಮೀರಜದ ತಂಬೂರಿ ಶ್ರುತಿ ಮಾಡುವರು. ತಂತಿಯ ಕೆಳಗೆ ಹತ್ತಿಯ ದಾರದ ಎಳೆಯನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿದರೆ ನಾದ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಹತ್ತು ನಿಮಿಷ ಹಿಡಿದರೂ ಯಾರೂ ಗೊಣಗುತ್ತಿರಲಿಲ್ಲ. ಸಭೆ ಅದನ್ನೂ ಸಂಗೀತವೆಂದೇ ಕೇಳುತ್ತಿತ್ತು. ಒಂದು ಸಲ ಒಬ್ಬ ಕಿರಿಯ ಗಾಯಕರ ವಿಲಂಬಿತ ಶುರುವಾಗಿ ಬಹಳ ಹೊತ್ತಾದರೂ ಏರಲಿಲ್ಲ. ನಾನು ಗಡಿಯಾರ ನೋಡಿದೆ. ಪಕ್ಕದಲ್ಲಿದ್ದ ರುಮಾಲಿನ ಅಜ್ಜ ನನ್ನ ಕಡೆ ವಾಲಿ, “ಧ್ವನಿ ಇನ್ನೂ ಕಾದಿಲ್ಲವಾ ತಂಗಿ. ಹುಡುಗಗ ಹೊತ್ತು ಕೊಡು. ಷಡ್ಜ ಹಚ್ಚಿದ್ದು ನೋಡಿದ್ರ ಗೊತ್ತಾಗ್ತದ, ಹಾಡ್ತಾನ” ಅಂದ. ಗಾಯಕ ಆಮೇಲೆ ಹಾಡಿದ್ದನ್ನು ಕೇಳಿ ಆ ಅಜ್ಜ ತಲೆ ತೂಗಿದ್ದು ಎಲ್ಲ ಪ್ರಶಸ್ತಿಪತ್ರಗಳಿಗಿಂತ ದೊಡ್ಡದು ಎಂದು ನನಗನ್ನಿಸಿತು.

ಆದರೆ ವಾಡೆ, ಮನೆಗಳಲ್ಲಿ ಕೂಡುತ್ತಿದ್ದ ಆ ಹಳೆಯ ಬೈಠಕ್ಕುಗಳು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಹೆಂಗಸರಿಗೆ ಅಲ್ಲಿ ಜಾಗ ಕಡಿಮೆ. ಹಾಡುವ ಹೆಂಗಸಿಗೆ ಮರ್ಯಾದೆ ಇನ್ನೂ ಕಡಿಮೆ. ಕಲಿಯಲು ಹೊರಟ ಗಂಗೂಬಾಯಿಯವರನ್ನು ಬೀದಿಯ ಜನ ಚುಚ್ಚಿ ಮಾತಾಡುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರಿದ್ದ ವೇದಿಕೆಯಲ್ಲಿ ಸ್ವಾಗತಗೀತೆ ಹಾಡಿದ ಆ ಬಾಲಕಿಗೆ, ಜಾತಿಯ ಕಾರಣಕ್ಕೆ ಊಟದ ಎಲೆ ಎತ್ತಲು ಹೇಳಿಬಿಟ್ಟಾರೇನೋ ಎಂಬ ಅಂಜಿಕೆ ಇತ್ತು. ಅದನ್ನು ಅವರೇ ಮುಂದೆ ಹೇಳಿಕೊಂಡರು. ಬೈಠಕ್ಕಿನ ಬಾಗಿಲು ಹೆಂಗಸರಿಗೆ ಪೂರ್ತಿ ತೆರೆಯುವ ಮೊದಲೇ ಸಂಗೀತ ಅವರ ಮನೆಗೆ ಬಂತು. ತಂದದ್ದು ಯಂತ್ರ.

ಮೂರು ನಿಮಿಷ

1902ರಲ್ಲಿ ಕೋಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಯ ದೊಡ್ಡ ತುತ್ತೂರಿಯ ಬಾಯಿಗೆ ಮುಖ ಕೊಟ್ಟು ಹಾಡಿದರು. ಹಾಡು ಮುಗಿಯುವಾಗ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿದರು. ಧ್ವನಿ ಮುದ್ರಿಸಿದ ಮೂಲ ತಟ್ಟೆ ಅಚ್ಚಿಗೆ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿಯವರಿಗೆ ಇದು ಯಾರ ಹಾಡೆಂದು ಗುರುತು ಸಿಗಬೇಕಲ್ಲ. ಅದೇ ಗೌಹರ್ ಜಾನ್ ಕೊನೆಗಾಲಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಭಾರತದ ರೆಕಾರ್ಡುಗಳ ಮೊದಲ ದೊಡ್ಡ ಹೆಸರು ನಮ್ಮ ನೆಲದಲ್ಲಿ ಮಣ್ಣಾಗಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ತಟ್ಟೆ. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ನಮ್ಮಪ್ಪ ಅದನ್ನು ಅಂಚಿನಲ್ಲಷ್ಟೇ ಹಿಡಿಯುತ್ತಿದ್ದರು, ಅಂಗೈ ತಾಗಿಸುತ್ತಿರಲಿಲ್ಲ. ಮೆತ್ತನೆಯ ಧೋತರದ ತುಂಡಿನಿಂದ ಒರೆಸಿ, ತಗಡಿನ ಡಬ್ಬಿಯಿಂದ ಹೊಸ ಸೂಜಿ ತೆಗೆದು ಸಿಕ್ಕಿಸಿ, ಕೀಲಿ ತಿರುವಿ, ಆಮೇಲೆ ತಟ್ಟೆಯ ಮೇಲೆ ಸೂಜಿ ಇಳಿಸುವರು. ಒಂದು ಮಗ್ಗುಲಿಗೆ ಒಂದು ಸೂಜಿ, ಅದು ಅವರ ನೇಮ. ಸವೆದ ಸೂಜಿ ತಟ್ಟೆಯ ಗೆರೆ ಕೊರೆದು ಹಾಡನ್ನೇ ಕೆಡಿಸುತ್ತದೆ ಎನ್ನುವರು. ನಡುವೆ ಕೀಲಿ ಇಳಿದರೆ ತಟ್ಟೆ ನಿಧಾನವಾಗಿ, ಗಾಯಕರ ಶ್ರುತಿಯೂ ಇಳಿಯುತ್ತಿತ್ತು. ಓಡಿಹೋಗಿ ತಿರುವುವ ಕೆಲಸ ನನ್ನದು. ಅವ್ವ ಒಳಗೆ ರೊಟ್ಟಿ ಬಡಿಯುತ್ತ, “ಆ ಮೀರಜದವರ ಪ್ಲೇಟ ಹಚ್ಚ್ರಿ” ಎಂದು ಕೂಗುತ್ತಿದ್ದಳು. ಅವಳು ಜನ್ಮದಲ್ಲಿ ಒಂದು ಬೈಠಕ್ಕಿಗೂ ಹೋದವಳಲ್ಲ. ಆದರೆ ಅಬ್ದುಲ್ ಕರೀಂ ಖಾನರ ಝಿಂಝೋಟಿ ಯಾವ ಜಾಗದಲ್ಲಿ ಬಾಗುತ್ತದೆ ಎಂಬುದು ಅವಳಿಗೆ ಬಾಯಿಪಾಠವಿತ್ತು.

ಆ ಝಿಂಝೋಟಿಯ ಠುಮ್ರಿ ನಮ್ಮ ಸೀಮೆಯ ಚರಿತ್ರೆಯನ್ನೇ ತಿರುಗಿಸಿದ ಮೂರು ನಿಮಿಷ. ಹುಡುಗ ಭೀಮಸೇನ ಅಂಗಡಿಯೊಂದರಲ್ಲಿ ಹಚ್ಚಿದ ಆ ರೆಕಾರ್ಡ್ ಕೇಳಿ, ಹೀಗೆ ಹಾಡಲು ಕಲಿಯಬೇಕೆಂದು 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟ. ಪುಣೆ, ಗ್ವಾಲಿಯರ್, ಕೋಲ್ಕತ್ತೆ, ದಿಲ್ಲಿ ಸುತ್ತಿ ಜಲಂಧರದವರೆಗೆ ಹೋದ. 1875ರಿಂದ ಹರಿವಲ್ಲಭ ಸಂಗೀತ ಸಮ್ಮೇಳನ ನಡೆದುಬಂದ ಊರು ಅದು. ಅಲ್ಲಿಗೆ ಬಂದಿದ್ದ ವಿನಾಯಕರಾವ್ ಪಟವರ್ಧನರು, ನಿಮ್ಮೂರ ಹತ್ತಿರವೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಅಲೆಯುತ್ತೀ ಎಂದು ಬುದ್ಧಿ ಹೇಳಿದರು ಎನ್ನುತ್ತಾರೆ. ಒಂದು ರೆಕಾರ್ಡು ಆ ಹುಡುಗನನ್ನು ಮನೆಯಿಂದ ಹೊರಡಿಸಿತು. ಒಂದು ಸಂಗೀತ ಸಮ್ಮೇಳನ ಅವನನ್ನು ಕುಂದಗೋಳದ ದಾರಿಗೆ ಹಚ್ಚಿತು.

ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠನದೂ ಇದೇ ಕತೆ. ಉಸ್ತಾದರ ರೆಕಾರ್ಡುಗಳನ್ನು ಕೇಳಿ ಇದ್ದದ್ದು ಇದ್ದಂತೆ ಒಪ್ಪಿಸಿಬಿಡುತ್ತಿದ್ದ ಆ ಬಾಲಕನಿಗೆ ಏಳನೆಯ ವಯಸ್ಸಿಗೇ ಕುಮಾರ ಗಂಧರ್ವ ಎಂಬ ಬಿರುದು ಸಿಕ್ಕಿತು. ಗಂಗೂಬಾಯಿಯವರೂ ಚಿಕ್ಕವರಿದ್ದಾಗ ಗ್ರಾಮಫೋನಿನ ಸದ್ದು ಕಿವಿಗೆ ಬಿದ್ದರೆ ಬೀದಿಗೆ ಓಡುತ್ತಿದ್ದರಂತೆ. ಕೆಲವು ವರ್ಷಗಳಲ್ಲಿ ಅದೇ ಹುಡುಗಿಯ ಹಾಡು ಗಾಂಧಾರಿ ಎಂಬ ಹೆಸರಿನಲ್ಲಿ ರೆಕಾರ್ಡಾಗಿ ಬೇರೆಯವರ ಬೀದಿಗಳಲ್ಲಿ ಕೇಳಿಸತೊಡಗಿತು.

ಮೂರು ನಿಮಿಷ ಎಲ್ಲರಿಗೂ ಒಗ್ಗಲಿಲ್ಲ. ನನ್ನ ಮಟ್ಟಿಗೆ ಆ ಮೂರು ನಿಮಿಷದ ನಿಜವಾದ ಒಡೆಯ ಅಬ್ದುಲ್ ಕರೀಂ ಖಾನರು. ಮೊದಲ ಸ್ವರಕ್ಕೇ ರಾಗ ಎದ್ದು ನಿಲ್ಲುತ್ತದೆ, ಅವಸರವೆಂಬುದೇ ಕಾಣುವುದಿಲ್ಲ. 1930ರ ದಶಕದಲ್ಲಿ, ತುತ್ತೂರಿ ಹೋಗಿ ವಿದ್ಯುತ್ ಮೈಕ್ ಬಂದ ಮೇಲೆ ಅವರು ಹಾಡಿದ ಓಡಿಯನ್ ತಟ್ಟೆಗಳಲ್ಲಿ ಉಸಿರಿನಷ್ಟು ಮೆಲುದನಿಯೂ ದಾಖಲಾಗಿದೆ. ಸವಾಯಿ ಗಂಧರ್ವರ ರೆಕಾರ್ಡುಗಳು ಮಾತ್ರ ನನ್ನಲ್ಲಿ ಹಸಿವನ್ನೇ ಹೆಚ್ಚಿಸುತ್ತವೆ. ಧ್ವನಿ ಕಾಯುವ ಮೊದಲೇ ತಟ್ಟೆ ಮುಗಿಯುತ್ತದೆ. ಅವರನ್ನು ಆ ತಟ್ಟೆಗಳಿಂದ ಅಳೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರ ನಿಜವಾದ ರೆಕಾರ್ಡು ಅವರ ಶಿಷ್ಯರೇ.

ಒಂದೂವರೆ ತಾಸು

ಆಕಾಶವಾಣಿಯ ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾಯಿತು. ಎರಡು ವರ್ಷದ ನಂತರ, 1952ರ ಜುಲೈಯಿಂದ, ದಿಲ್ಲಿಯಿಂದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬರತೊಡಗಿತು. ಒಬ್ಬರೇ ಕಲಾವಿದರು, ಒಂದೂವರೆ ತಾಸು. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಹಣ ಕಟ್ಟಿದ್ದರಿಂದಲೋ ಏನೋ, ಕೇಳುವುದೂ ಶ್ರದ್ಧೆಯಿಂದಲೇ ಆಗುತ್ತಿತ್ತು. ಶನಿವಾರ ರಾತ್ರಿ ನಮ್ಮ ಪಡಸಾಲೆಯಲ್ಲಿ ಓಣಿಯ ಅರ್ಧ ಜನ ಇರುತ್ತಿದ್ದರು.

ಆಗಿನ ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ರೇಡಿಯೋದಿಂದ ದೂರ ಇಟ್ಟರೆಂದು ಜನ ಇಂದಿಗೂ ಬಯ್ಯುತ್ತಾರೆ. ಆ ನಿರ್ಬಂಧ ನನಗೂ ಸರಿ ಕಾಣುವುದಿಲ್ಲ. ಆದರೆ ಶಾಸ್ತ್ರೀಯ ಸಂಗೀತಕ್ಕೆ ಅವರ ಕಾಲದಲ್ಲಿ ಸಿಕ್ಕ ಹೊತ್ತು ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಇನ್ನೊಂದು ನಿಷೇಧ ಪೇಟಿಯದು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ಕೂಡದು ಎಂಬ ನಿಯಮವಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಮೀಂಡಿಗೆ ಅದು ಒದಗುವುದಿಲ್ಲ ಎಂಬುದು ವಾದ. ಹೀಗಾಗಿ ನನ್ನ ವಯಸ್ಸಿನವರು ಚಿಕ್ಕಂದಿನಲ್ಲಿ ರೇಡಿಯೋದಲ್ಲಿ ಕೇಳಿದ ಗಾಯನದ ಹಿಂದೆ ಹೆಚ್ಚಾಗಿ ಸಾರಂಗಿ ಇರುತ್ತಿತ್ತು. ಇಂದಿಗೂ ಸಾರಂಗಿಯ ಸಾಥ್ ಕೇಳಿದರೆ ನನಗೆ ಶನಿವಾರ ರಾತ್ರಿಯ ಪಡಸಾಲೆ ಕಣ್ಣ ಮುಂದೆ ಬರುತ್ತದೆ.

ರೇಡಿಯೋ ನಮ್ಮ ಮನೆಗೆ ತಂದ ದೊಡ್ಡ ಹೆಸರು ಬಸವರಾಜ ರಾಜಗುರು. ಕುಂದಗೋಳ ತಾಲೂಕಿನ ಯಲಿವಾಳದವರು, ಪಂಚಾಕ್ಷರಿ ಗವಾಯಿಗಳ (1892–1944) ಶಿಷ್ಯರು. ಸ್ವತಃ ಅಂಧರಾಗಿದ್ದ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಹಾಡುವವರ ಜೊತೆಗೆ ಜಾತ್ರೆಗಳಲ್ಲಿ, ಮಠಗಳಲ್ಲಿ ಸಾವಿರಾರು ಕೇಳುವವರನ್ನೂ ಆ ಆಶ್ರಮ ತಯಾರು ಮಾಡಿತು. ರಾಜಗುರುಗಳದು ಖ್ಯಾಲು, ನಾಟ್ಯಗೀತೆ, ವಚನ ಯಾವುದಕ್ಕೂ ಹಿಂಜರಿಯದ ಕಂಠ. ತಾರ ಷಡ್ಜದಲ್ಲಿ ಅವರು ನಿಂತರೆ ಅದು ನಿಂತೇ ಇರುತ್ತಿತ್ತು. ಐವರಲ್ಲಿ ಹೊರಗಿನವರು ಕಡಿಮೆ ಮಾತಾಡುವುದು ಅವರ ಬಗ್ಗೆಯೇ. ಇದು ಅನ್ಯಾಯ ಎಂದು ನಾನು ಯಾರೆದುರಿಗೂ ಹೇಳಬಲ್ಲೆ.

ಇಪ್ಪತ್ತು ನಿಮಿಷ

1960ರ ದಶಕದಲ್ಲಿ ಎಲ್ಪಿ ತಟ್ಟೆಗಳು ಬಂದವು. ನಿಮಿಷಕ್ಕೆ 33 ಸುತ್ತು ಚಿಲ್ಲರೆ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ. ವಿಲಂಬಿತಕ್ಕೂ ದ್ರುತಕ್ಕೂ ಜಾಗ ಸಿಕ್ಕಿತು, ರಾಗಕ್ಕೆ ತುಸು ಕೈಕಾಲು ಚಾಚಲು ಬಂತು. ನಮ್ಮ ಕಲಾವಿದರನ್ನು ದೇಶವೆಲ್ಲ ಕೇಳಿದ್ದು ಈ ತಟ್ಟೆಗಳಿಂದ.

ಭೀಮಸೇನರ ಶುದ್ಧ ಕಲ್ಯಾಣ, ಪೂರಿಯಾ ಧನಾಶ್ರೀ, ಮಿಯಾಂ ಕೀ ತೋಡಿ, ಈ ಮೂರು ನನ್ನ ಕಪಾಟಿನಲ್ಲಿ ಕೈಗೆಟಕುವ ಜಾಗದಲ್ಲೇ ಇವೆ. ಮಂದ್ರದಲ್ಲಿ ಬೇರು ಬಿಟ್ಟು ಮೇಲಕ್ಕೇರುವ ಆ ದನಿಗೆ ಇಪ್ಪತ್ತು ನಿಮಿಷ ತೀರಾ ಸಣ್ಣದು. ಆದರೂ ಆಲಾಪ ಕಟ್ಟುವ ಕ್ರಮ ಅದರಲ್ಲಿ ಸ್ವಚ್ಛವಾಗಿ ಕಾಣುತ್ತದೆ. ಹೊಸಬರಿಗೆ ನಾನು ಮೊದಲು ಕೇಳಿಸುವುದು ಈ ತಟ್ಟೆಗಳನ್ನೇ. ಕನ್ನಡದ ಮನೆಮನೆಗೆ ಅವರನ್ನು ಮುಟ್ಟಿಸಿದ್ದು ಮಾತ್ರ ಬೇರೆ ದಾರಿ: 1966ರ ‘ಸಂಧ್ಯಾರಾಗ’ ಚಿತ್ರದ ಹಾಡು ಮತ್ತು ದಾಸವಾಣಿ. ದಾಸರ ಪದಗಳನ್ನು ಹಾಡುವಾಗ ಭೀಮಸೇನರು ತಾನುಗಳ ಜೋರನ್ನು ಬದಿಗಿಟ್ಟು ಸಾಹಿತ್ಯಕ್ಕೆ ಬಾಗುತ್ತಾರೆ. ಶಾಸ್ತ್ರೀಯದವರು ಅದನ್ನು ಹಗುರವೆಂದು ತಳ್ಳಿದರೆ ನಾನು ಒಪ್ಪುವುದಿಲ್ಲ. ಪೂಜೆಗೆ ಕೂತ ಮುದುಕಿಯೊಬ್ಬಳು ಅದರಿಂದಲೇ ಖ್ಯಾಲಿನತ್ತ ಹೊರಳಿದ್ದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ.

ಎಲ್ಪಿ ಯಾರಿಗೆ ಹೇಳಿ ಮಾಡಿಸಿದ್ದು ಎಂದು ಕೇಳಿದರೆ ನನ್ನ ಉತ್ತರ ಮನಸೂರರು. ನೀಲಕಂಠಬುವಾ ಅವರ ಬಳಿಕ ಅವರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಜೈಪುರ-ಅತ್ರೌಲಿ ಗಾಯಕಿ ಕಲಿತರು. ಆ ಗಾಯಕಿಯಲ್ಲಿ ಪೀಠಿಕೆ ಇಲ್ಲ. ಚೀಜು ಎತ್ತಿಕೊಂಡ ಕ್ಷಣದಿಂದ ಲಯಕ್ಕೆ ಗಂಟುಬಿದ್ದು ಸಾಗುತ್ತಾರೆ, ಸಮ್ಮಿಗೆ ಬರುವ ದಾರಿ ಪ್ರತಿ ಸಲವೂ ಹೊಸದು. ಶುದ್ಧ ನಟ್, ಖಟ್, ಲಚ್ಛಾಸಾಖ್, ಬಹಾದುರಿ ತೋಡಿಯಂಥ ಅಪರೂಪದ ರಾಗಗಳನ್ನು ಅವರು ದಿನಬಳಕೆಯ ಮಾತಿನಷ್ಟು ಸಲೀಸಾಗಿ ಹಾಡಿದರು. ಜೋಡುರಾಗದ ಕೂಡುರಸ್ತೆಗಳಲ್ಲಿ ಅವರು ದಾಟುವ ಚಾಕಚಕ್ಯತೆಗೆ ಸಾಟಿಯಾದುದನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಧಾರವಾಡದ ಮಂದಿ ಮೊದಲೇ ಬಲ್ಲ ಈ ಗಾಯಕನನ್ನು ದೇಶ ದೊಡ್ಡದಾಗಿ ಗುರುತಿಸಿದ್ದು ಅವರ ಅರವತ್ತರ ಆಸುಪಾಸಿನಲ್ಲಿ. ಪದ್ಮಶ್ರೀ ಬಂದದ್ದು 1970ರಲ್ಲಿ.

ಗಂಗೂಬಾಯಿಯವರ ವಿಷಯದಲ್ಲಿ ರೆಕಾರ್ಡುಗಳು ಸಾಕ್ಷಿ ಹೇಳುತ್ತವೆ. 1930ರ ದಶಕದ ತಟ್ಟೆಗಳಲ್ಲಿ ತೆಳ್ಳನೆಯ, ಚುರುಕಾದ ಹೆಣ್ಣುದನಿ. ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಧ್ವನಿ ಇಳಿದು ಗಂಡುದನಿಯ ಗಾಂಭೀರ್ಯ ಬಂತು. ಮೊದಲಿನ ಒಂದು ತಟ್ಟೆ, ಆಮೇಲಿನ ಒಂದು ಎಲ್ಪಿ, ಎರಡನ್ನೂ ಒಂದೇ ಕೂತಲ್ಲಿ ಕೇಳಿನೋಡಿ. ಬೇರೆ ಯಾರಾದರೂ ಆ ಆಘಾತಕ್ಕೆ ಹಾಡನ್ನೇ ಬಿಡುತ್ತಿದ್ದರು. ಅವರು ಹೊಸ ಧ್ವನಿಗೆ ತಕ್ಕ ಗಾಯನವನ್ನೇ ಕಟ್ಟಿಕೊಂಡರು, ಒಂದೊಂದು ಸ್ವರಕ್ಕೂ ಭಾರ ಕೊಟ್ಟರು. ಕುಮಾರ ಗಂಧರ್ವರು ಕ್ಷಯಕ್ಕೆ ಸಿಕ್ಕಿ ಒಂದು ಪುಪ್ಪುಸದ ಬಲ ಕಳೆದುಕೊಂಡು, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿ, ಮಾಳವದ ಜನಪದ ಹಾಡುಗಳನ್ನು ಕೇಳುತ್ತ ಕಳೆದರು. ಎದ್ದ ಮೇಲೆ ಉಸಿರಿಗೆ ತಕ್ಕಂತೆ ಚಿಕ್ಕ ಚಿಕ್ಕ ಪಲುಕುಗಳ ಗಾಯನ ಹುಟ್ಟಿತು. ಕಬೀರ, ಸೂರದಾಸ, ಮೀರಾ ಪದಗಳ ‘ತ್ರಿವೇಣಿ’ಯಲ್ಲಿ ಒಂದು ಪಲುಕು ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನವೂ ಹಾಡಿನ ಭಾಗವೇ. ನಮ್ಮ ನೆಲದಲ್ಲಿ ಕೇಳಿ ಕಲಿತ ಹುಡುಗ ಇನ್ನೊಂದು ನೆಲಕ್ಕೆ ಹೋಗಿ, ಹಾಸಿಗೆ ಹಿಡಿದಾಗಲೂ ಕೇಳುವುದನ್ನು ಬಿಡಲಿಲ್ಲ.

1991ರ ಜುಲೈ 21ಕ್ಕೆ ರಾಜಗುರುಗಳು, 1992ರ ಜನವರಿ 12ಕ್ಕೆ ಕುಮಾರರು, ಅದೇ ವರ್ಷ ಸೆಪ್ಟೆಂಬರ್ 12ಕ್ಕೆ ಮನಸೂರರು ತೀರಿಕೊಂಡರು. ಹದಿನಾಲ್ಕು ತಿಂಗಳಲ್ಲಿ ಮೂವರು. ಸವಾಯಿ ಗಂಧರ್ವರು 1952ರಲ್ಲಿ ಹೋದದ್ದೂ ಸೆಪ್ಟೆಂಬರ್ 12ಕ್ಕೇ. ಗಂಗೂಬಾಯಿಯವರು 2009ರಲ್ಲಿ, ಭೀಮಸೇನರು 2011ರಲ್ಲಿ ಹೋದರು.

ರಾತ್ರಿ ಹತ್ತು ಗಂಟೆ

ಗುರುವಿನ ನೆನಪಿಗೆ ಭೀಮಸೇನರು ಮತ್ತು ಸಂಗಡಿಗರು 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಮಹೋತ್ಸವ ಈಗ ದೇಶದ ದೊಡ್ಡ ಸಂಗೀತೋತ್ಸವಗಳಲ್ಲೊಂದು. ಭೀಮಸೇನರ ನಂತರ ಅವರ ಹೆಸರೂ ಅದಕ್ಕೆ ಸೇರಿದೆ. ಅಲ್ಲಿಯ ಒಂದು ಪದ್ಧತಿ ನನಗೆ ಬಹಳ ಪ್ರಿಯ. ಮಹೋತ್ಸವದ ಕೊನೆಗೆ, ಕಲಾವಿದರೆಲ್ಲ ಹಾಡಿ ಬಾರಿಸಿ ಮುಗಿಸಿದ ಮೇಲೆ, ಸವಾಯಿ ಗಂಧರ್ವರ ಭೈರವಿಯ ಹಳೆಯ ರೆಕಾರ್ಡು ಹಚ್ಚುತ್ತಾರೆ. ದಿನಗಟ್ಟಲೆ ಕೇಳಿದ ಸಾವಿರಾರು ಮಂದಿ ಆ ಮೂರು ನಿಮಿಷಕ್ಕೆ ಉಸಿರು ಬಿಗಿಹಿಡಿದು ಕೂಡುತ್ತಾರೆ. ಧ್ವನಿ ಕಾಯಲು ಅವಕಾಶ ಕೊಡದ ಅದೇ ತಟ್ಟೆ ಅಲ್ಲಿ ಸಾಲುತ್ತದೆ, ಏಕೆಂದರೆ ಅದರ ಹಿಂದೆ ಅಷ್ಟು ದಿನದ ಕೇಳ್ಮೆ ಇರುತ್ತದೆ.

ಪುಣೆ ದೊಡ್ಡದು, ಅಚ್ಚುಕಟ್ಟು. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಕುಂದಗೋಳವನ್ನೇ ಆರಿಸುತ್ತೇನೆ. ಅಲ್ಲಿ ಗಾಯಕರ ಕಣ್ಣು ಕೇಳುವವರ ಕಣ್ಣಿಗೆ ಸಿಗುತ್ತದೆ. ಬೆಂಗಳೂರಿನ ಕೋಟೆ ಶಾಲೆಯ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಲ್ಲಿ ಆರಂಭಿಸಿದ ರಾಮನವಮಿ ಕಛೇರಿಗಳಲ್ಲೂ ಆ ಹಬ್ಬದ ಕಳೆ ಇದೆ; ಚಪ್ಪರದ ಕೆಳಗೆ ಕೂತ ಮಾವಂದಿರು, ಮಾಮಿಯರು ತಾಳ ತಪ್ಪಿದರೆ ಕೂಡಲೇ ಹಿಡಿಯುತ್ತಾರೆ.

ದೊಡ್ಡ ಉತ್ಸವಗಳನ್ನು ಬದಲಿಸಿದ್ದು 2000ದ ಶಬ್ದಮಾಲಿನ್ಯ ನಿಯಮ ಮತ್ತು 2005ರ ಸುಪ್ರೀಂ ಕೋರ್ಟ್ ತೀರ್ಪು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಈ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಓದುವ ಮಕ್ಕಳು, ಮನೆಯಲ್ಲಿ ಮಲಗಿದ ರೋಗಿಗಳು ನಿದ್ದೆ ಮಾಡಲೇಬೇಕು. ಆದರೆ ಇದರ ಹೊಡೆತ ಬಿದ್ದದ್ದು ರಾಗಗಳಿಗೆ. ನಮ್ಮ ರಾಗಗಳಿಗೆ ಹೊತ್ತು ಇದೆ. ಬಾಗೇಶ್ರೀ, ದರಬಾರಿ, ಅಡಾಣಾ, ಮಾಲಕಂಸ ಸರಿರಾತ್ರಿಯವು. ಲಲಿತ, ಭಟಿಯಾರ ಬೆಳಗು ಹರಿಯುವ ಮುಂಚಿನವು. ಸಂಜೆ ಐದಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುವ ಉತ್ಸವದಲ್ಲಿ ಮುಲ್ತಾನಿ, ಮಾರವಾ, ಪೂರಿಯಾ, ಯಮನಗಳು ಮತ್ತೆ ಮತ್ತೆ ಬರುತ್ತವೆ. ರಾತ್ರಿಯ ಅರ್ಧ ಸಂಗೀತವನ್ನು ಈಗಿನ ಹುಡುಗರು ಮೊಬೈಲಿನಲ್ಲಷ್ಟೇ ಕೇಳಿದ್ದಾರೆ. ಐದು ತಾಸಿನಲ್ಲಿ ನಾಲ್ವರು ಕಲಾವಿದರು, ನಡುವೆ ಶಾಲು, ಹಾರ, ಭಾಷಣ. ಧಾರವಾಡದಲ್ಲೇ ಇರುವ ವೆಂಕಟೇಶ ಕುಮಾರರಂಥ ಗಾಯಕರಿಗೆ, ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕೈಕೆಳಗೆ ವರ್ಷಗಟ್ಟಲೆ ಕಲಿತವರಿಗೆ, ಐವತ್ತು ನಿಮಿಷದ ಚೀಟಿ ಕೊಡುವುದು ಅವರಿಗೂ ಕೇಳುವವರಿಗೂ ಮಾಡುವ ಮೋಸ.

ಪರಿಹಾರ ನಮ್ಮ ಚರಿತ್ರೆಯಲ್ಲೇ ಇದೆ. ನಿಯಮದ ತಕರಾರು ಬಯಲಿನ ಗದ್ದಲಕ್ಕೆ. ಖಾನ್ ಸಾಹೇಬರು ವಾಡೆಯಲ್ಲಿ ಹಾಡಿದ ಕಾಲಕ್ಕೆ ಮೈಕೇ ಇರಲಿಲ್ಲ, ಮತ್ತು ನೂರೈವತ್ತು ಜನ ಕೂತ ಮುಚ್ಚಿದ ಪಡಸಾಲೆಗೆ ಅದು ಇವತ್ತೂ ಬೇಕಿಲ್ಲ. ಹುಬ್ಬಳ್ಳಿ-ಧಾರವಾಡದ ಸಂಗೀತ ಸಭೆಗಳಲ್ಲಿ ನನ್ನ ಕೇಳಿಕೆ ಇಷ್ಟು: ವರ್ಷಕ್ಕೆ ಒಂದು ರಾತ್ರಿಯಾದರೂ, ಒಂದು ಹಳೆಯ ಮನೆಯೊಳಗೆ, ಮೈಕಿಲ್ಲದೆ, ಸತ್ಕಾರವಿಲ್ಲದೆ, ಇಬ್ಬರೇ ಗಾಯಕರನ್ನು ಕೂರಿಸಿ. ಒಬ್ಬರು ಹಿರಿಯರು, ಒಬ್ಬರು ಇನ್ನೂ ಹೆಸರಾಗದವರು. ಇಬ್ಬರಿಗೂ ಸಮ ಹೊತ್ತು, ಬೆಳಗಿನವರೆಗೆ. ಮುಂದಿನ ಸಾಲನ್ನು ಶಾಲೆ-ಕಾಲೇಜಿನ ಹುಡುಗ ಹುಡುಗಿಯರಿಗೆ ಬಿಡಿ. ಹೆಣ್ಣುಮಕ್ಕಳನ್ನು ಹೊತ್ತಾರೆ ಮನೆ ಮುಟ್ಟಿಸುವ ವ್ಯವಸ್ಥೆ ಮಾಡಿ. ಅವರಲ್ಲಿ ಅರ್ಧ ಜನ ನಿದ್ದೆ ಹೋದರೂ ಚಿಂತೆಯಿಲ್ಲ. ಎಚ್ಚರವಿದ್ದ ಒಂದು ಮಗುವಿಗೆ ದರಬಾರಿ ದರಬಾರಿಯ ಹೊತ್ತಿನಲ್ಲೇ ಕಿವಿಗೆ ಬಿದ್ದರೆ ಸಾಕು. ಒಂದು ಅಂಗಡಿಯಲ್ಲಿ ಕೇಳಿದ ಒಂದೇ ಒಂದು ಹಾಡು ಏನು ಮಾಡಬಲ್ಲದು ಎಂಬುದನ್ನು ಈ ಸೀಮೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.